ವಿ-ಕ್ರಾಸ್ ಕೊಟ್ಟು ಜಿಪ್ಸಿ ತಂದೆ: ಎರಡು ಮಳೆಗಾಲ ಕಳೆದ ಮೇಲೆ

ಎರಡನೇ ಮಳೆಗಾಲವೂ ದಾಟಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಮ್ಮೆಯೂ ಪಕ್ಕದ ತೋಟದ ಟ್ರ್ಯಾಕ್ಟರ್ ಕರೆಸಿ ಗಾಡಿ ಎಳೆಸಿಲ್ಲ. ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆ ಕಾಫಿ ತೋಟ ಇರುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಇಸುಜು ವಿ-ಕ್ರಾಸ್ ಪಿಕಪ್ ಮಾರಿ ಹಳೆ ಮಾರುತಿ ಜಿಪ್ಸಿ ಜೀಪು ತರುತ್ತೇನೆ ಎಂದಾಗ ಮನೆಯಲ್ಲಾಗಲಿ ಕ್ಲಬ್ಬಿನಲ್ಲಾಗಲಿ ಒಬ್ಬರೂ ಸರಿ ಎನ್ನಲಿಲ್ಲ. “ಆನೆ ಮಾರಿ ಮೇಕೆ ತರ್ತೀಯಲ್ಲೋ” ಎಂದು ನಮ್ಮ ಮಾವ ಎಲ್ಲರ ಮುಂದೆ ಅಂದುಬಿಟ್ಟರು. ಈ ಆಗಸ್ಟ್‌ನಲ್ಲಿ ಅದೇ ಮಾವ, ಅವರ ಹಳ್ಳದ ಪಂಪ್‌ಹೌಸಿಗೆ ಮೋಟಾರ್ ಇಳಿಸಲು ನನ್ನ ಜಿಪ್ಸಿಯನ್ನೇ ಕರೆಸಿಕೊಂಡರು. ಅದಕ್ಕೇ ಬರೆಯುತ್ತಿದ್ದೇನೆ.

ವಿ-ಕ್ರಾಸ್ ಬಗ್ಗೆ ನನ್ನ ತಕರಾರಿಲ್ಲ. 2016ರಲ್ಲಿ ಅದು ಬಂದಾಗ ನಮ್ಮಂಥವರಿಗೆ ಹಬ್ಬ. 2.5 ಲೀಟರ್ ಡೀಸೆಲ್, 320 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ ತಿರುಗಿಸುವ ಬಲ), ಸ್ವಂತ ಬಳಕೆಯ ಬಿಳಿ ಬೋರ್ಡ್, ಹಿಂದೆ ಲೋಡು ಹಾಕುವ ತೊಟ್ಟಿ, ಒಳಗೆ ಕಾರಿನ ಸೀಟು. ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋಗಿ ಬಂದರೂ ಮೈ ನೋಯುತ್ತಿರಲಿಲ್ಲ. ತೊಡಕಿದ್ದದ್ದು ನನ್ನ ತೋಟದ ಅಳತೆಯಲ್ಲಿ. ಗಾಡಿಯ ಉದ್ದ 5.3 ಮೀಟರ್ ಹತ್ತಿರ, ಅಗಲ 1.86, ವೀಲ್‌ಬೇಸೇ ಮೂರು ಮೀಟರ್ ದಾಟುತ್ತದೆ, ಖಾಲಿ ತೂಕ ಎರಡು ಟನ್ ಆಸುಪಾಸು. ನಮ್ಮ ತೋಟದ ರಸ್ತೆ ತಾತನ ಕಾಲದಲ್ಲಿ ಎತ್ತಿನ ಗಾಡಿಗೆಂದು ಕಡಿಸಿದ್ದು. ಎಂಟಡಿ ಅಗಲ, ಒಂದು ಬದಿ ಧರೆ, ಇನ್ನೊಂದು ಬದಿ ಬಸಿಗಾಲುವೆ. ಮೇಲಿನ ಬ್ಲಾಕಿಗೆ ಹೋಗುವ ತಿರುವಿನಲ್ಲಿ ಮುಂದೆ ಹಿಂದೆ ಮಾಡದೆ ಪಿಕಪ್ ತಿರುಗುತ್ತಲೇ ಇರಲಿಲ್ಲ. ಮಳೆಯಲ್ಲಿ ಹಾಗೆ ಹಿಂದೆ ಮುಂದೆ ಮಾಡುವಾಗಲೇ ಹಿಂಬದಿ ಜಾರಿ ಕಾಲುವೆಗೆ ಕೂರುವುದು. ಖಾಲಿ ಪಿಕಪ್‌ಗೆ ಹಿಂದೆ ಭಾರವಿಲ್ಲ, ಗಾಲಿ ಸುಮ್ಮನೆ ಸುತ್ತುತ್ತದೆ. ಭಾರ ಹಾಕಿದರೆ ಕೆಮ್ಮಣ್ಣಿನಲ್ಲಿ ಹೂತು ಚಾಸಿ ನೆಲ ಕಚ್ಚುತ್ತದೆ. ಫೋರ್ ಬೈ ಫೋರ್ ಲೋ, ಅಂದರೆ ನಾಲ್ಕೂ ಗಾಲಿಗೆ ಬಲ ಕೊಡುವ ನಿಧಾನದ ಗೇರು, ಹಾಕಿದರೆ ಇನ್ನೂ ಆಳಕ್ಕೆ ಅಗೆದುಕೊಳ್ಳುತ್ತದೆ. ಆಮೇಲೆ ಆ ಗುಂಡಿಗೆ ಕಲ್ಲು ತುಂಬಿಸಲು ಎರಡು ಆಳಿನ ಕೂಲಿ ಬೇರೆ.

ನನ್ನ ಲೆಕ್ಕ ಶುರುವಾದದ್ದು ತೊಟ್ಟಿಯಿಂದ. ಎಲ್ಲರೂ ಕೇಳಿದ ಪ್ರಶ್ನೆಯೂ ಅದೇ: ಲೋಡಿಗೆ ಏನ್ ಮಾಡ್ತೀಯ? ತೋಟದ ಡೈರಿ ತೆಗೆದು ಹಿಂದಿನ ವರ್ಷದ ಪುಟ ತಿರುವಿದೆ. ತೊಟ್ಟಿ ತುಂಬಿ ಹೊರಗೆ ಹೋದದ್ದು ಒಣ ಕಾಫಿಯನ್ನು ಸಿಪ್ಪೆ ತೆಗೆದು ವಿಂಗಡಿಸುವ ಹಾಸನದ ಕ್ಯೂರಿಂಗ್‌ಗೆ ಸಾಗಿಸಿದಾಗ, ಗೊಬ್ಬರ ತಂದಾಗ, ಸುಣ್ಣ ತಂದಾಗ. ಅಷ್ಟೇ. ಉಳಿದ ದಿನವೆಲ್ಲ ಅದರಲ್ಲಿ ಇದ್ದದ್ದು ಒಂದು ಕ್ಯಾನ್ ಪೆಟ್ರೋಲ್, ಕಳೆ ಕತ್ತರಿಸುವ ಮೆಷಿನ್, ಎರಡು ಗೋಣಿಚೀಲ. ಈ ಭಾಗ್ಯಕ್ಕೆ ಎರಡು ಟನ್ ಗಾಡಿಯನ್ನು ದಿನಾ ಕೆಸರಿನಲ್ಲಿ ಎಳೆದಾಡಿಸುವುದು ಏಕೆ? ನಮ್ಮೂರಿನಿಂದ ಹಾಸನಕ್ಕೆ ಬಾಡಿಗೆ ಪಿಕಪ್ ಮೂರು ಸಾವಿರದೊಳಗೆ ಬರುತ್ತದೆ, ಡ್ರೈವರ್ ಸಮೇತ. ಗೊಬ್ಬರದ ಅಂಗಡಿಯವರು ಒಟ್ಟಿಗೆ ತೆಗೆದುಕೊಂಡರೆ ಗೇಟಿನವರೆಗೆ ತಂದು ಇಳಿಸುತ್ತಾರೆ. ವರ್ಷಕ್ಕೆ ಬಾಡಿಗೆ ಎಲ್ಲ ಸೇರಿ ನಲವತ್ತು ನಲವತ್ತೈದು ಸಾವಿರ. ವಿ-ಕ್ರಾಸ್‌ಗೆ ಒಂದು ಸೆಟ್ ಟೈರೇ ಅರವತ್ತು ಸಾವಿರ ದಾಟಿತ್ತು, ನಮ್ಮ ರಸ್ತೆಯಲ್ಲಿ ಮೂರು ವರ್ಷ ಬಂದರೆ ಹೆಚ್ಚು. ಇನ್ಶೂರೆನ್ಸ್ ಬೇರೆ.

ಮಾರುವಾಗ ಶೋರೂಮಿನವರು ಎಕ್ಸ್‌ಚೇಂಜ್‌ಗೆ ಎಂಟು ಲಕ್ಷದ ಮೇಲೆ ಏರಲಿಲ್ಲ. ನಾನು ಗಾಡಿ ತೊಳೆಸಿ, ಸರ್ವಿಸ್ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಜೋಡಿಸಿ, ನೇರವಾಗಿ ಕೊಳ್ಳುವವರಿಗೇ ಕಾದೆ. ಎರಡು ತಿಂಗಳು ಹಿಡಿಯಿತು, ಹತ್ತೂವರೆ ಬಂತು. ಸಾಲ ಇದ್ದ ಗಾಡಿಯಾದರೆ ಸಾಲ ತೀರಿತೆಂದು ಹೇಳುವ ಫಾರ್ಮ್ 35 ಮೊದಲೇ ಬ್ಯಾಂಕಿನಿಂದ ತಂದಿಟ್ಟುಕೊಳ್ಳಿ. ಅದು ಕೈಯಲ್ಲಿದ್ದರೆ ಕೊಳ್ಳುವವನು ಚೌಕಾಶಿ ಮಾಡುವ ಧಾಟಿಯೇ ಬೇರೆ.

ಜಿಪ್ಸಿಯೇ ಏಕೆ ಎಂದು ಕೇಳುತ್ತೀರಿ. ಮಹೀಂದ್ರಾ ಥಾರ್ ಅಗಲ, ಭಾರ. ಮಾರುತಿಯದೇ ಜಿಮ್ನಿ 2023ರ ಜೂನ್‌ನಲ್ಲಿ ಬಂದ ಕೂಡಲೇ ಓಡಿಸಿ ನೋಡಿದೆ. ಕಾಯಿಲ್ ಸ್ಪ್ರಿಂಗ್, ಒಳ್ಳೆ ಗಾಡಿ, ಮನೆಯವರಿಗೂ ಇಷ್ಟವಾಯಿತು. ಆದರೆ ಆಗ ಶೋರೂಮ್ ಬೆಲೆಯೇ ಹನ್ನೆರಡೂ ಮುಕ್ಕಾಲು ಲಕ್ಷದಿಂದ ಶುರುವಾಗುತ್ತಿತ್ತು, ಮೇಲಾಗಿ ಹಸಿ ಕಾಫಿ ಹಣ್ಣಿನ ಮೂಟೆ ಹಾಕಲು ಮನಸ್ಸು ಬರುವ ಒಳಾಂಗಣವಲ್ಲ. ಸಾಫ್ಟ್ ಟಾಪ್ (ಬಟ್ಟೆ ಚಾವಣಿಯ) ಜಿಪ್ಸಿಯ ಹಿಂದಿನ ಬೆಂಚು ಮಡಚಿದರೆ ಅದೇ ತೊಟ್ಟಿ. ಅಗಲ 1.54 ಮೀಟರ್, ತೂಕ ಒಂದು ಟನ್‌ಗಿಂತ ತುಸು ಕಡಿಮೆ. ನಮ್ಮ ಎಂಟಡಿ ರಸ್ತೆಯಲ್ಲಿ ಎರಡೂ ಬದಿ ಕಾಲಿಡಲು ಜಾಗ ಉಳಿಯುತ್ತದೆ.

ಹುಡುಕಾಟವೇ ದೊಡ್ಡ ಕೆಲಸ. 2019ರ ಹೊತ್ತಿಗೆ ಸಾಮಾನ್ಯ ಗಿರಾಕಿಗೆ ಹೊಸ ಜಿಪ್ಸಿ ಸಿಗುವುದು ನಿಂತಿತು, ಅಲ್ಲಿಂದ ಹಳೆಯದರ ಬೆಲೆ ಏರುತ್ತಲೇ ಇದೆ. ಆಗ ದಿಲ್ಲಿ ಕಡೆಯ ಗಾಡಿ ಅಗ್ಗವಿತ್ತು, ಏಕೆಂದರೆ ಅಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗೆ ರಸ್ತೆಯಿರಲಿಲ್ಲ. ಆದರೆ ಅಲ್ಲಿನ ಆರ್‌ಟಿಒದ ಎನ್ಒಸಿ, ಸಾಗಣೆ, ಇಲ್ಲಿನ ಲೈಫ್ ಟ್ಯಾಕ್ಸ್ ಕೂಡಿಸಿದರೆ ಅಗ್ಗವೆಲ್ಲ ಆವಿಯಾಗುತ್ತದೆ. ಮಿಲಿಟರಿ ಹರಾಜಿನದ್ದು ಒಂದು ನೋಡಿದೆ, ಎಂಜಿನ್ ಗಟ್ಟಿ, ಕಾಗದ ಅರೆಬರೆ. ಬಿಟ್ಟೆ. ಕೊನೆಗೆ ಕೊಡಗಿನಲ್ಲಿ ಕೆಎ-12 ನಂಬರಿನ 2013ರ ಜಿಪ್ಸಿ ಕಿಂಗ್ ಸಿಕ್ಕಿತು, ಕಾರ್ಬ್ಯುರೇಟರ್ ಇಲ್ಲದ 1.3 ಲೀಟರ್ ಎಂಪಿಎಫ್‌ಐ ಎಂಜಿನ್. ಹೇಳಿದ್ದು ಆರೂವರೆ, ಕೊಟ್ಟದ್ದು ಐದೂವರೆಗೆ ಹತ್ತಿರ. ಒಂದು ಲಕ್ಷ ಹೇಗೆ ಇಳಿಯಿತು ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಇನ್ನೊಂದು ಜಿಪ್ಸಿ ನೋಡಿಟ್ಟಿದ್ದೇನೆ. ಇಷ್ಟು ಹೇಳಬಲ್ಲೆ: ಟಾರ್ಚ್ ಹಿಡಿದು ಕೆಳಗೆ ಮಲಗಿ, ಹಿಂದಿನ ಸ್ಪ್ರಿಂಗ್ ಹ್ಯಾಂಗರ್ ಚಾಸಿಗೆ ಸೇರುವ ಜಾಗವನ್ನು ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡದೆ ಜಿಪ್ಸಿ ತರಬೇಡಿ. ಹೊರಗಿನ ತುಕ್ಕು ಕಂಡು ಹೆದರುವುದು ಬೇಡ, ಅಲ್ಲಿಯ ತುಕ್ಕಿಗೆ ಹೆದರಿ.

ತಂದ ಮೇಲೆ ಕಾಡಿದ್ದು ಸ್ಟಿಯರಿಂಗ್ ಅದುರು. ಅರವತ್ತರ ವೇಗದಲ್ಲಿ ಒಂದು ಗುಂಡಿ ಹಾರಿದರೆ ಕೈಯಲ್ಲಿ ಚಕ್ರ ನಿಲ್ಲುತ್ತಿರಲಿಲ್ಲ, ಪೂರ್ತಿ ನಿಲ್ಲಿಸಿದರೆ ಮಾತ್ರ ಅದುರು ಬಿಡುವುದು. ಹಾಸನದ ಒಂದು ಅಂಗಡಿಯಲ್ಲಿ ಎರಡು ಸಲ ವೀಲ್ ಬ್ಯಾಲೆನ್ಸ್ ಮಾಡಿಸಿದೆ. ಇನ್ನೊಂದು ಕಡೆ ಅದುರು ತಡೆಯುವ ಸ್ಟಿಯರಿಂಗ್ ಡ್ಯಾಂಪರ್ ಬದಲಿಸಿದರು. ಎಂಟು ಸಾವಿರ ಹೋಯಿತು, ಅದುರು ಹೋಗಲಿಲ್ಲ. ಬಾಳ್ಳುಪೇಟೆಯ ನಮ್ಮ ಮೆಕ್ಯಾನಿಕ್ ಭಾಯ್ ಮಾತ್ರ ಗಾಲಿ ಎತ್ತಿ ಮೇಲೆ ಕೆಳಗೆ ಅಲ್ಲಾಡಿಸಿ, “ಸಾರ್, ಇದು ಕಿಂಗ್‌ಪಿನ್ ಬೇರಿಂಗ್” ಎಂದ. ಮುಂದಿನ ಗಾಲಿ ಎಡಬಲಕ್ಕೆ ತಿರುಗುವ ಗೂಟವೇ ಕಿಂಗ್‌ಪಿನ್. ಅದರ ನಾಲ್ಕು ಬೇರಿಂಗ್, ಆಯಿಲ್ ಸೀಲ್ ಎಲ್ಲ ಹೊಸದು ಹಾಕಿದೆವು. ಆದರೂ ಸ್ವಲ್ಪ ಉಳಿಯಿತು. ಬೇರಿಂಗ್ ಹೊಸದಾದರೆ ಸಾಲದು, ಕಿಂಗ್‌ಪಿನ್ ಕೆಳಗಿನ ಶಿಮ್ (ತೆಳು ತಗಡಿನ ಬಿಲ್ಲೆ) ತೆಗೆದು ಬಿಗಿ ಸರಿಯಾಗಿ ಕೂರಿಸಬೇಕು. ಎಷ್ಟು ಬಿಗಿ ಎಂಬುದನ್ನು ಗಾಲಿಯನ್ನು ಹಿಡಿದು ತಿರುಗಿಸುವ ಸ್ಟಿಯರಿಂಗ್ ನಕಲ್‌ನ (knuckle) ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡುವುದು. ಕಾಫಿ ತೂಗುವ ನೂರು ಕೆಜಿಯ ತಕ್ಕಡಿಯಲ್ಲಿ ಮುಳ್ಳು ಅಲ್ಲಾಡುವುದೇ ಇಲ್ಲ. ಸಂತೆಯಲ್ಲಿ ಮೀನಿನವರು ಹಿಡಿಯುವ ಕೊಕ್ಕೆ ತಕ್ಕಡಿ ತಂದೆ. ಒಂದೊಂದು ಶಿಮ್ ತೆಗೆಯುತ್ತ, ಎಳೆಯುತ್ತ, ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಕೂತೆವು. ಮುಳ್ಳು ಎಲ್ಲಿಗೆ ಬಂದಾಗ ನಿಲ್ಲಿಸಿದೆವು ಎಂಬುದು ಭಾಯ್‌ಗೂ ನನಗೂ ಇರುವ ಗುಟ್ಟು. ಕಂಪನಿಯ ಪುಸ್ತಕದ ಅಂಕಿ ಹೊಸ ಗಾಡಿಗೆ, ನಮ್ಮ ಅಂಕಿ ಬೇರೆ. ಈಗ ಎಂಬತ್ತರಲ್ಲೂ ಒಂದು ಕೈಯಲ್ಲಿ ಓಡಿಸುತ್ತೇನೆ.

ಟೈರಿನ ವಿಷಯದಲ್ಲಿ ಎಲ್ಲರ ಸಲಹೆ ಅಗಲದ್ದು ಹಾಕು ಎಂದು. ಗೆಳೆಯರೊಬ್ಬರ 235 ಮಿ.ಮೀ. ಅಗಲದ ಸೆಟ್ ಎರವಲು ತಂದು ಹಾಕಿ ನೋಡಿದೆ. ನೋಡಲು ಭರ್ಜರಿ. ಆದರೆ ನಮ್ಮ ಕೆಸರಿನ ಮೇಲೆ ತೇಲುತ್ತದೆ, ಇಳಿಜಾರಿನಲ್ಲಿ ಅಡ್ಡಕ್ಕೆ ಜಾರುತ್ತದೆ, ಸ್ಟಿಯರಿಂಗ್ ತಿರುಗಿಸಲು ತೋಳು ಸೋಲುತ್ತದೆ. ಕಂಪನಿ ಅಳತೆಗೆ ಹತ್ತಿರದ ಕಿರಿದಾದ ಮಡ್ ಟೈರ್ ಹಾಕಿದ ಮೇಲೆ ಗಾಡಿ ಮೇಲಿನ ಲೊಳೆ ಸೀಳಿ ಅಡಿಯ ಗಟ್ಟಿ ನೆಲ ಹಿಡಿಯಿತು. ಗಾಳಿ ಹದಿನಾಲ್ಕು ಹದಿನೈದು ಪಿಎಸ್‌ಐಗೆ ಇಳಿಸುತ್ತೇನೆ, ಟಾರು ರಸ್ತೆಗೆ ಬಂದಾಗ ಬ್ಯಾಟರಿ ಕಂಪ್ರೆಸರ್‌ನಿಂದ ಮತ್ತೆ ತುಂಬುತ್ತೇನೆ. ಈ ಎಂಜಿನ್‌ಗೆ ಟಾರ್ಕ್ ನೂರರ ಮೇಲೆ ಚೂರು, ಅದೂ ಎಂಜಿನ್ ಕಿರುಚಿದಾಗ ಮಾತ್ರ. ಕೆಸರಿನಲ್ಲಿ ಲೋ ಹಾಕಿ ಎರಡನೇ ಗೇರಿನಲ್ಲೇ ಹೊರಡಿ, ಮೊದಲನೆಯದರಲ್ಲಿ ಹೊರಟರೆ ಗಾಲಿ ಸುತ್ತಿಬಿಡುತ್ತದೆ. ಮತ್ತೆ, ನಡುವೆ ಗೇರ್ ಬದಲಿಸುವ ಮಾತೇ ಬೇಡ.

ಸಸ್ಪೆನ್ಷನ್ ಎತ್ತರಿಸು ಎಂದವರೂ ಇದ್ದರು. ಆರ್‌ಸಿಯಲ್ಲಿರುವ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ತಂಟೆ ನನಗೆ ಬೇಡ ಅನಿಸಿತು. ಅಗತ್ಯವೂ ಬೀಳಲಿಲ್ಲ.

ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಣೆಯ ವ್ಯವಸ್ಥೆಗೆ ತಿಣುಕಾಡಿದೆ. ಪಿಕಪ್‌ನಲ್ಲಿ ಇನ್ನೂರು ಲೀಟರಿನ ಡ್ರಮ್ಮು, ಪಕ್ಕದಲ್ಲಿ ಸಿಂಪಡಿಸುವ ಎಚ್‌ಟಿಪಿ ಪಂಪು, ಹೊರಟರೆ ಆಯಿತು. ಜಿಪ್ಸಿಯಲ್ಲಿ ಅದೇ ಡ್ರಮ್ಮು ಇಟ್ಟರೆ ತಿರುವಿನಲ್ಲಿ ನೀರು ಒಂದು ಬದಿಗೆ ತೂಗಿ ಗಾಡಿಯನ್ನೇ ವಾಲಿಸಿತು. ನೂರು ಲೀಟರಿನ ಎರಡು ಕ್ಯಾನ್ ಮಾಡಿ, ಹಿಂದಿನ ಗಾಲಿಗಿಂತ ಮುಂದೆ, ಡ್ರೈವರ್ ಸೀಟಿನ ಬೆನ್ನಿಗೇ ಅಂಟಿಸಿ ಕಟ್ಟಿದೆ. ಪಂಪು ಹಿಂಬಾಗಿಲ ಬಳಿ. ಒಯ್ಯುವ ಕ್ಯಾನ್ ಪೂರ್ತಿ ತುಂಬಿರಬೇಕು, ಅರ್ಧ ಕ್ಯಾನ್ ಒಯ್ಯಬಾರದು. ಈಗ ಮೇಲಿನ ಬ್ಲಾಕಿನ ತುದಿವರೆಗೆ ಹೋಗುತ್ತೇವೆ. ಅಲ್ಲಿಗೆ ಪಿಕಪ್ ಹೋಗಿಯೇ ಇರಲಿಲ್ಲ, ಮೊದಲೆಲ್ಲ ಇನ್ನೂರಡಿ ಹೆಚ್ಚಿಗೆ ಪೈಪ್ ಎಳೆಯುತ್ತಿದ್ದೆವು. ಕೊಯ್ಲಿನಲ್ಲಿ ಒಂದೇ ಟ್ರಿಪ್ಪಿಗೆ ಕಣಕ್ಕೆ ಬರುತ್ತಿದ್ದ ಹಣ್ಣು ಈಗ ಎರಡು ಮೂರು ಟ್ರಿಪ್ ಆಗುತ್ತದೆ, ಅದು ನಿಜ. ಆದರೆ ಗಿಡದ ಬುಡಕ್ಕೇ ಹೋಗಿ ತರುವುದರಿಂದ ಮೂಟೆ ಹೊರುವ ಆಳು ಉಳಿಯಿತು.

ಚಿಕ್ಕ ಟ್ರೇಲರ್ ಒಂದನ್ನು ಕೊಕ್ಕೆಗೆ ಕಟ್ಟಿ ನೋಡಿದ್ದೂ ಉಂಟು. ಸಮನೆಲದಲ್ಲಿ ಚೆಂದ, ಇಳಿಜಾರಿನಲ್ಲಿ ಹಿಂದಿನಿಂದ ನೂಕಿ ಜಿಪ್ಸಿಯ ಮೂತಿಯನ್ನೇ ತಿರುಗಿಸುತ್ತದೆ. ಹಗುರ ಗಾಡಿಗೆ ಅದು ಹೊಂದುವುದಿಲ್ಲ. ಗಾಲಿಗೆ ಚೈನ್ ಕಟ್ಟುವ ನಮ್ಮ ಹಳೆ ಪದ್ಧತಿಯನ್ನು ಮೊದಲ ಜುಲೈನಲ್ಲಿ ಮಾಡಿದೆ. ಹಿಡಿತ ಅದ್ಭುತ, ಆದರೆ ಕಣದ ಹತ್ತಿರದ ಕಾಂಕ್ರೀಟು ಕಿತ್ತು ಬಂತು. ಈಗ ಚೈನ್ ಸೀಟಿನ ಕೆಳಗೆ ಇರುತ್ತದೆ, ಹಿಂದಿನ ಗಾಲಿಗೆ ಮಾತ್ರ, ತೀರಾ ಬೇಕಾದಾಗ. ಎಲೆಕ್ಟ್ರಿಕ್ ವಿಂಚ್ ವಿಚಾರಿಸಿದೆ, ಇಪ್ಪತ್ತೈದು ಸಾವಿರ ಕೊಟ್ಟರೂ ಜಿಪ್ಸಿಯ ಚಿಕ್ಕ ಬ್ಯಾಟರಿ ಅದನ್ನು ಸಾಕುವುದಿಲ್ಲ. ಮರದ ದಿಮ್ಮಿ ಎಳೆಯಲು ಮನೆಯಲ್ಲಿದ್ದ ಕೈ ಟಿರ್ಫರ್ (ಸನ್ನೆಯಿಂದ ಹಗ್ಗ ಎಳೆಯುವ ಯಂತ್ರ) ಸಾಕಾಗಿದೆ. ಒಂದು ಟನ್ ಗಾಡಿ ತಾನೆ, ಇಬ್ಬರು ಆಳು ಆರಾಮವಾಗಿ ಎಳೆಯುತ್ತಾರೆ.

ಖರ್ಚು ಒಟ್ಟು ಹೇಳಿಬಿಡುತ್ತೇನೆ. ಗಾಡಿ ಐದೂವರೆ. ಬೇರಿಂಗ್, ಸೀಲ್, ಕ್ಲಚ್, ನಾಲ್ಕು ಮೂಲೆಯ ಲೀಫ್ ಸೆಟ್ ಬಿಚ್ಚಿ ರಬ್ಬರ್ ಬುಶ್ ಬದಲಿಸಿದ್ದು, ಮುಂದಿನ ಗಾಲಿಗೆ ಕೈಯಲ್ಲಿ ತಿರುಗಿಸುವ ಹಬ್ ಲಾಕ್, ಟೈರ್, ಹೊಸ ಹುಡ್ (ಬಟ್ಟೆ ಚಾವಣಿ), ನೆಲಕ್ಕೆ ವೆಲ್ಡಿಂಗ್, ಎಲ್ಲ ಸೇರಿ ಒಂದೂ ಮುಕ್ಕಾಲು ಲಕ್ಷ. ಮೂರು ಲಕ್ಷ ಕೈಯಲ್ಲಿ ಉಳಿಯಿತು, ಅದರಲ್ಲಿ ಹೊಸ ಮೋಟಾರು, ಸ್ಪ್ರಿಂಕ್ಲರ್ ಪೈಪು ಬಂತು. ಎಣ್ಣೆಯಲ್ಲಿ ಉಳಿತಾಯವಿಲ್ಲ. ಪೆಟ್ರೋಲ್ ನೂರರ ಮೇಲೆ, ಜಿಪ್ಸಿ ಟಾರಿನಲ್ಲಿ ಲೀಟರಿಗೆ ಹತ್ತು ಕಿಲೋಮೀಟರ್ ಕೊಟ್ಟರೆ ತೋಟದ ಲೋ ಗೇರಿನಲ್ಲಿ ಆರು. ವಿ-ಕ್ರಾಸ್‌ನ ಡೀಸೆಲ್ ಲೆಕ್ಕಕ್ಕಿಂತ ತಿಂಗಳಿಗೆ ಎರಡು ಸಾವಿರ ಹೆಚ್ಚೇ ಆಗುತ್ತದೆ. ಟೈರು, ಇನ್ಶೂರೆನ್ಸ್, ಟ್ರ್ಯಾಕ್ಟರ್ ಬಾಡಿಗೆ, ಗುಂಡಿ ತುಂಬುವ ಕೂಲಿ, ಇವುಗಳಲ್ಲಿ ಅದು ಮರಳಿ ಬಂದಿದೆ.

ಮಂಗಳೂರಿಗೆ, ಬೆಂಗಳೂರಿಗೆ ಈ ಗಾಡಿಯಲ್ಲಿ ಹೋಗಬೇಡಿ, ಬೆನ್ನು ಉಳಿಯುವುದಿಲ್ಲ. ನಾವು ರೈಲು ಹಿಡಿಯುತ್ತೇವೆ, ಇಲ್ಲವೇ ಮನೆಯವಳ ಕಾರು. ಆದರೆ ಬೆಳಿಗ್ಗೆ ಹುಡ್ ಬಿಚ್ಚಿ, ಗಾಜು ಮುಂದಕ್ಕೆ ಮಡಚಿ, ಮಂಜು ಮುಖಕ್ಕೆ ಬಡಿಯುತ್ತ ಮೇಲಿನ ಬ್ಲಾಕಿಗೆ ಹತ್ತುವ ಸುಖಕ್ಕೆ ನಾನು ಬೆಲೆ ಕಟ್ಟಿಲ್ಲ. ಪಿಕಪ್ ಇದ್ದಾಗ ತೋಟ ಸುತ್ತುವುದು ಕೆಲಸವಾಗಿತ್ತು. ಈಗ ಮಗಳು ಶಾಲೆಗೆ ರಜೆ ಬಂದರೆ ನನಗಿಂತ ಮೊದಲು ಹೋಗಿ ಸೀಟಿನಲ್ಲಿ ಕೂತಿರುತ್ತಾಳೆ. ಹೋದ ವರ್ಷ ಹತ್ತಿರದ ತೋಟದಲ್ಲಿ ಮಳೆಗಾಲದ ಜೀಪ್ ಓಟ ನಡೆದಾಗ, ದೊಡ್ಡ ಗಾಡಿಗಳು ಸಿಕ್ಕಿಬಿದ್ದ ಹಳ್ಳದ ಏರನ್ನು ಎರಡನೇ ಯತ್ನಕ್ಕೇ ಹತ್ತಿಸಿದೆ. ಹತ್ತಿಸಿದ್ದು ಆ ಕಿರಿದು ಟೈರು, ಹದಿನಾಲ್ಕು ಗಾಳಿ.

ಈ ಬೇಸಿಗೆಗೆ ಬಾಕಿ ಕೆಲಸ: ಹಳೆ ರಬ್ಬರ್ ಪೆಟ್ರೋಲ್ ಪೈಪುಗಳನ್ನೆಲ್ಲ ಬದಲಿಸಬೇಕು, ಈಗ ಪಂಪಿನಲ್ಲಿ ಸಿಗುವ ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ ಅವು ತಡೆಯುವುದು ನನಗೆ ಅನುಮಾನ. ಚಾಸಿಗೆ ಒಳಗಿನಿಂದ ಮೇಣದ ಲೇಪ ಹೊಡೆಸಬೇಕು. ಮುಂದಿನ ಡಿಫರೆನ್ಷಿಯಲ್ ಒಂದು ಬಿಡಿ ಸಿಕ್ಕಿದೆ, ಗೋದಾಮಿನಲ್ಲಿಟ್ಟಿದ್ದೇನೆ. ಬಿಡಿಭಾಗ ಈಗಲೂ ಸಿಗುತ್ತವೆ, ಬೆಲೆ ಏರುವ ಮೊದಲು ಕಿಂಗ್‌ಪಿನ್ ಬೇರಿಂಗ್ ಎರಡು ಸೆಟ್ ತೆಗೆದಿಟ್ಟುಕೊಳ್ಳಿ.