ಪ್ರಯಾಣದ ಖರ್ಚಿಗೊಂದು ಜಲವರ್ಣ

ಸ್ಥಳದಲ್ಲೇ ಕುಳಿತು ಬರೆದ ಜಲವರ್ಣ ಚಿತ್ರಗಳನ್ನು ಮಾರದೆ, ಬಡ ರೋಗಿಗಳ ಸಹಾಯ ನಿಧಿಗೆ ದಾನ ಕೊಟ್ಟವರಿಗೆ ಪ್ರತಿಯಾಗಿ ಕೊಡುತ್ತೇನೆ ಎಂದಾಗ ಕಾರವಾರದ ಕಲಾವಿದ ಮಿತ್ರರು, “ದಾನ ಕೊಡುವವನಿಗೆ ಚಿತ್ರ ಬೇಡ, ಚಿತ್ರ ಬೇಕಾದವನಿಗೆ ದಾನ ಬೇಡ” ಎಂದು ನಕ್ಕಿದ್ದರು. ಐದಾರು ವರ್ಷಗಳಲ್ಲಿ ನಾಲ್ಕು ಲಕ್ಷದ ಆಸುಪಾಸು ಹಣ ರೋಗಿಗಳಿಗೆ ಸಂದಿರುವುದರಿಂದ, ಈಗ ಅದೇ ಮಿತ್ರರು ಕ್ರಮವೇನೆಂದು ಕೇಳುತ್ತಿದ್ದಾರೆ.

ಮೊದಲು ಪ್ರದರ್ಶನ ಏರ್ಪಡಿಸಿದೆವು. ಗಾಜಿನ ಚೌಕಟ್ಟು, ಸಭಾಂಗಣದ ಬಾಡಿಗೆ, ಚಹಾ ತಿಂಡಿಯ ಖರ್ಚು ಕಳೆದು ಉಳಿದದ್ದು ಮೂರು ಸಾವಿರವೂ ಇರಲಿಕ್ಕಿಲ್ಲ. ಮುಂದಿನ ಸಲ ಹರಾಜು ಕರೆದಾಗ, ಹದಿನೈದು ಸಾವಿರಕ್ಕೆ ಕೂಗಿ ಚಪ್ಪಾಳೆ ಗಿಟ್ಟಿಸಿದ ಗಣ್ಯರೊಬ್ಬರು ಚಿತ್ರವನ್ನು ಒಯ್ದರು. ಹಣ ಇಂದಿಗೂ ಬಂದಿಲ್ಲ.

ದೊಡ್ಡ ಚಿಕಿತ್ಸೆ ಎಂದರೆ ನಮ್ಮ ಜಿಲ್ಲೆಯವರು ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಇಲ್ಲವೆ ಗೋವಾಕ್ಕೆ ಓಡುವುದು ತಪ್ಪಿಲ್ಲ. ಕಾರವಾರದಿಂದ ಮಂಗಳೂರಿಗೇ ಸುಮಾರು 270 ಕಿ.ಮೀ. ಆದ್ದರಿಂದ ಚಿತ್ರಕ್ಕೆ ಬೆಲೆ ಕಟ್ಟುವುದನ್ನು ಬಿಟ್ಟು, ಚಿಕ್ಕ ಚಿತ್ರಕ್ಕೆ ರೋಗಿ ಮತ್ತು ಜೊತೆಗಾರರು ಬಸ್ಸಿನಲ್ಲಿ ಹೋಗಿ ಬರುವ ಖರ್ಚು, ಎ3 ಅಳತೆಯದಕ್ಕೆ ಆಂಬ್ಯುಲೆನ್ಸ್ ಬಾಡಿಗೆ ಎಂದು ಗೊತ್ತುಮಾಡಿದೆ. ದಾನಿಗಳು ಸಹಾಯ ನಿಧಿಯ ಖಾತೆಗೇ ಹಣ ಹಾಕಿ ರಸೀದಿ ತೋರಿಸಬೇಕು, ಆಮೇಲೆಯೇ ನಾನು ಸಹಿ ಹಾಕುವುದು. ನಗದಾಗಿ ಕೊಡಬಂದವರಿಗೆ, 2,000 ರೂಪಾಯಿ ಮೀರಿದ ನಗದು ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇಲ್ಲವೆಂದು ಹೇಳಿದರೆ ಸಾಕು, ಅವರೂ ಖಾತೆಯ ದಾರಿ ಹಿಡಿಯುತ್ತಾರೆ.

ಯಾವ ಚಿತ್ರ ಹೋಗುತ್ತದೆ ಎಂಬುದು ತಿಳಿಯಲು ಹೆಚ್ಚು ಕಾಲ ಹಿಡಿಯಿತು. ಸೂರ್ಯಾಸ್ತಗಳು ಕಪಾಟಿನಲ್ಲೇ ಉಳಿದವು. ಸದಾಶಿವಗಡದಿಂದ ಕಂಡ ಕಾಳಿ ಅಳಿವೆ, ಇಳಿತದ ಹೊತ್ತಿಗೆ ಕೆಸರು ಬಿಟ್ಟುಕೊಂಡ ಅಘನಾಶಿನಿ ನದಿಯ ಗಜನಿ ಎಂಬ ಉಪ್ಪುನೀರಿನ ಗದ್ದೆ, ತದಡಿಯ ಧಕ್ಕೆಗೆ ಕಟ್ಟಿದ ಪಾತಿ ದೋಣಿ ಇಂಥವನ್ನು ಬೆಂಗಳೂರು, ಮುಂಬಯಿಯಲ್ಲಿ ನೆಲೆಸಿದ ನಮ್ಮವರು ಒಣಗುವ ಮೊದಲೇ ಕೇಳುತ್ತಾರೆ. ಅವರ ಮನೆಯ ದಾರಿ ಮೂಲೆಯಲ್ಲಾದರೂ ಕಾಣುವಂತೆ ಕೂರುವ ಜಾಗ ಆರಿಸುವ ಉಪಾಯವೊಂದಿದೆ, ಅದನ್ನು ಇಲ್ಲಿ ಹೇಳಲಾರೆ.

ಸಾಣಿಕಟ್ಟೆಯ ಹರಳುಪ್ಪನ್ನು ಹಸಿ ಬಣ್ಣದ ಮೇಲೆ ಉದುರಿಸಿ ನೋಡಿದ್ದೂ ಉಂಟು. ಹರಳು ನೀರು ಹೀರಿದಲ್ಲಿ ಮರಳ ದಂಡೆಯ ಮೇಲ್ಮೈ ತಾನಾಗಿ ಮೂಡಿತು; ಆದರೆ ಜುಲೈ ಬಂದಾಗ ಕಾಗದದಲ್ಲಿ ಉಳಿದ ಉಪ್ಪು ತೇವ ಎಳೆದು ಕಲೆಗಟ್ಟಿತು. ಕೆಮ್ಮಣ್ಣಿನಿಂದ ಗೋಡೆಯ ಮೇಲೆ ಬಿಡಿಸುವ ಕಾವಿ ಕಲೆಯ ನೆನಪಿನಲ್ಲಿ ಕೆಮ್ಮಣ್ಣು ಅರೆದು, ಬಟ್ಟೆಯಲ್ಲಿ ಸೋಸಿ, ಗೋಂದು ಬೆರೆಸಿ ಮಾಡಿದ ಬಣ್ಣ ಮಾತ್ರ ಚಿರೇಕಲ್ಲಿನ ಗೋಡೆಗಳಿಗೆ ಕೊಂಡ ಟ್ಯೂಬಿಗಿಂತ ಚೆನ್ನಾಗಿ ಹೊಂದುತ್ತದೆ.

ದಪ್ಪನೆಯ (300 ಜಿಎಸ್‌ಎಂ) ಹತ್ತಿ ಕಾಗದ, ಬಣ್ಣ, ಎರಡು ರಟ್ಟುಗಳ ನಡುವೆ ಕಟ್ಟಿ ಕಳುಹಿಸುವ ಅಂಚೆ ಎಲ್ಲ ಸೇರಿ ಚಿತ್ರವೊಂದಕ್ಕೆ ಇನ್ನೂರೈವತ್ತು ಮುನ್ನೂರು ರೂಪಾಯಿ ತಗಲುತ್ತದೆ. ಅದನ್ನು ದಾನದ ಹಣದಿಂದ ಮುರಿದುಕೊಳ್ಳುವುದಿಲ್ಲ. ಶನಿವಾರ ಮಕ್ಕಳಿಗೆ ಚಿತ್ರಕಲೆ ಕಲಿಸಿ ಬರುವ ಫೀಯಲ್ಲಿ ಸರಿದೂಗಿಸುತ್ತೇನೆ.