ಜಪಾನಿನ ಡಿಪಾರ್ಟ್‌ಮೆಂಟ್ ಸ್ಟೋರ್ ಟಾಯ್ಲೆಟ್: ಗುಂಡಿ ಒತ್ತುವ ಮುಂಚೆ

ಟೋಕಿಯೊ, ಒಸಾಕಾದಲ್ಲಿ ಸುತ್ತಾಡುವಾಗ ಟಾಯ್ಲೆಟ್ ಬೇಕಾದರೆ ಇಸೆತಾನ್, ಮಿತ್ಸುಕೋಶಿ, ತಕಾಶಿಮಾಯದಂಥ ಡಿಪಾರ್ಟ್‌ಮೆಂಟ್ ಸ್ಟೋರಿಗೆ ಹೋಗಿ. ದುಡ್ಡಿಲ್ಲ, ಏನೂ ಕೊಳ್ಳಲೂಬೇಕಿಲ್ಲ. ನೆಲಮಾಳಿಗೆಯ ತಿಂಡಿ ಮಳಿಗೆಗಳ ಗದ್ದಲದಲ್ಲಿ ಹುಡುಕುವುದಕ್ಕಿಂತ ಕಿಮೋನೊ, ಪೀಠೋಪಕರಣ ಮಾರುವ ಮೇಲಿನ ಮಹಡಿಗೆ ಹತ್ತುವುದು ವಾಸಿ. ಹಳೆಯ ಕಟ್ಟಡಗಳಲ್ಲಿ ಕೆಲವು ಮಹಡಿಗಳಲ್ಲಿ ಹೆಂಗಸರದು ಮಾತ್ರ ಇರುತ್ತದೆ. ಲಿಫ್ಟ್ ಪಕ್ಕದ ನಕ್ಷೆ ನೋಡಿಕೊಳ್ಳಿ.

ನೀರಿಲ್ಲದೆ ನಮಗಂತೂ ಆಗದು. ಮಗ್ಗು, ಜೆಟ್ ಸ್ಪ್ರೇ ಕಾಣಲಿಲ್ಲವೆಂದು ಗಾಬರಿ ಬೇಡ, ಆ ಕೆಲಸಕ್ಕೆ ಸೀಟಿನೊಳಗೇ ನಳಿಕೆ ಇದೆ. ಟೋಟೊ ಕಂಪನಿ 1980ರಲ್ಲಿ ತಂದ ವಾಶ್‌ಲೆಟ್ ಇದು. ಕೂತ ಮೇಲೇ ಒತ್ತಬೇಕು. ಸೀಟಿನ ಸೆನ್ಸರಿಗೆ ಆಳು ಕಾಣದಿದ್ದರೆ ನೀರು ಬರುವುದಿಲ್ಲ. ಪೃಷ್ಠದ ಕೆಳಗೆ ಕಾರಂಜಿ ಬರೆದಿರುವುದು ಹಿಂಭಾಗಕ್ಕೆ, ಹೆಂಗಸಿನ ಚಿತ್ರದ್ದು ಮುಂಭಾಗಕ್ಕೆ, ಚೌಕ ಎಂದರೆ ನಿಲ್ಲಿಸು. ತಯಾರಕರೆಲ್ಲ ಸೇರಿ ಈ ಚಿತ್ರಗಳನ್ನು ಒಂದೇ ಬಗೆಯಾಗಿಸಲು ಒಪ್ಪಿದ್ದು 2017ರಲ್ಲಿ, ಹಾಗಾಗಿ ಹಳೆಯ ಫಲಕಗಳಲ್ಲಿ ಬೇರೆ ಚಿತ್ರ ಇದ್ದೀತು. ರಭಸವನ್ನು ಮೊದಲು ಕಡಿಮೆ ಮಾಡಿಕೊಂಡೇ ಶುರುಮಾಡಿ.

ಎಡವಟ್ಟಾಗುವುದು ಫ್ಲಶ್‌ನಲ್ಲಿ. ಸಂಗೀತದ ಸ್ವರ ಬರೆದ ಗುಂಡಿ ಒತ್ತಿದರೆ ಧೋ ಎಂದು ಸದ್ದು ಬರುತ್ತದೆ, ನೀರು ಮಾತ್ರ ಹರಿಯದು. ಅದು ಸದ್ದು ಮುಚ್ಚಲೆಂದೇ ಇಟ್ಟ ಯಂತ್ರ. ಹೆಂಗಸರು ಸಂಕೋಚಕ್ಕೆ ಸುಮ್ಮನೆ ಫ್ಲಶ್ ಮಾಡಿ ನೀರು ಪೋಲಾಗುತ್ತಿತ್ತು. ಅದಕ್ಕೇ 1988ರಲ್ಲಿ ಒತೊಹಿಮೆ ಎಂಬ ಈ ಸದ್ದಿನ ಯಂತ್ರ ಬಂತು. ನಿಜವಾದ ಫ್ಲಶ್ ಗುಂಡಿ ಸಾಮಾನ್ಯವಾಗಿ ಪೇಪರ್ ಸುರುಳಿಯ ಮೇಲೆ. ಕೈ ಚಾಚಿ, ಕಾಲಗಲಿಸಿ ನಿಂತ ಮನುಷ್ಯನಂಥ ಅಕ್ಷರ ಹೆಚ್ಚು ನೀರಿಗೆ. ನಡುವೆ ಗೀಟು, ಅಕ್ಕಪಕ್ಕ ಚುಕ್ಕಿಯಂಥ ಗೆರೆ ಇರುವುದು ಕಡಿಮೆ ನೀರಿಗೆ. ಅದೇ ಎತ್ತರದಲ್ಲಿ ಹಿಂದಕ್ಕಿರುವ ಗುಂಡಿಯನ್ನು ಮುಟ್ಟಬೇಡಿ. ಅದು ತುರ್ತು ಕರೆ, ಸಿಬ್ಬಂದಿ ಓಡಿ ಬರುತ್ತಾರೆ. ಬಂದುಬಿಟ್ಟರೆ ಒಳಗಿಂದಲೇ ‘ಸುಮಿಮಾಸೆನ್, ದಾಯ್‌ಜೋಬು ದೆಸು’ ಎನ್ನಿ: ಕ್ಷಮಿಸಿ, ಏನೂ ಆಗಿಲ್ಲ ಎಂದರ್ಥ.

ಟಾಯ್ಲೆಟ್ ಪೇಪರ್ ನೀರಿನಲ್ಲಿ ಕರಗುವಂಥದು, ಕಮೋಡಿಗೇ ಹಾಕಿ. ಮೂಲೆಯ ಪುಟ್ಟ ಡಬ್ಬ ಸ್ಯಾನಿಟರಿ ಪ್ಯಾಡಿಗೆ. ರಸ್ತೆಯಲ್ಲಿ ಪುಕ್ಕಟೆ ಹಂಚುವ ಜೇಬು ಟಿಶ್ಯೂ ಮಾತ್ರ ಕರಗದೆ ಕೊಳವೆ ಕಟ್ಟೀತು.

ಸೀರೆ ಸರಿಮಾಡಿಕೊಳ್ಳಬೇಕೆ? ಕೆಲವು ಕೋಣೆಗಳಲ್ಲಿ ಗೋಡೆಗೆ ಮಡಚಿಟ್ಟ ಹಲಗೆ ಇರುತ್ತದೆ. ಇಳಿಸಿ, ಚಪ್ಪಲಿ ಬಿಟ್ಟು ಅದರ ಮೇಲೆ ನಿಲ್ಲಿ, ಸೆರಗು ನೆಲಕ್ಕೆ ತಾಗದು. ಕೂಸಿದ್ದರೆ ಮಕ್ಕಳ ಬಟ್ಟೆಯ ಮಹಡಿಗೆ ಹೋಗಿ, ಹಾಲೂಡಿಸುವ ಕೋಣೆ, ಹಾಲುಪುಡಿ ಕಲಸಲು ಬಿಸಿನೀರು ಸಾಮಾನ್ಯವಾಗಿ ಅಲ್ಲೇ. ಕೈ ಒರೆಸಲು ಪೇಪರ್ ಎಲ್ಲೆಡೆ ಇರುವುದಿಲ್ಲ, ಕರ್ಚೀಫು ಜೇಬಲ್ಲಿರಲಿ.