ಮಿನಿ ಡಿವಿ ಕ್ಯಾಸೆಟ್ ಇರುವವರಿಗೆ
ಜಂಬೂ ಸವಾರಿ, ಗೊಂಬೆ ಕೂರಿಸಿದ್ದು, ಮದುವೆ ಅಂತ ಹಳೇ ಮಿನಿ ಡಿವಿ ಕ್ಯಾಸೆಟ್ (ವಿಡಿಯೋ ಕ್ಯಾಮೆರಾದ ಪುಟ್ಟ ಡಿಜಿಟಲ್ ಟೇಪು) ಇಟ್ಟುಕೊಂಡಿದ್ದರೆ ಡಿವಿಡಿ ಮಾಡಿಸಬೇಡಿ. ಫೈರ್‌ವೈರ್ ಕೇಬಲ್‌ನಲ್ಲಿ (ಕ್ಯಾಮೆರಾದ ವಿಡಿಯೋ ಇದ್ದ ಹಾಗೇ ದಾಟಿಸುವ ತಂತಿ) ಕಂಪ್ಯೂಟರಿಗೆ ಇಳಿಸಿ, ಬಂದ ಡಿವಿ (ಡಿಜಿಟಲ್ ವಿಡಿಯೋ) ಫೈಲನ್ನೇ ಹಾಗೇ ಇಡಿ. ಗಂಟೆಗೆ ಸುಮಾರು 13 ಜಿಬಿ ಹಿಡಿಯುತ್ತೆ, ಹಿಡಿಯಲಿ. ಡಿವಿಯಲ್ಲಿ ಒಂದೊಂದು ಫ್ರೇಮೂ (ವಿಡಿಯೋದ ಬಿಡಿ ಚಿತ್ರ) ತಾನೇ ಪೂರ್ತಿ ಇರುತ್ತೆ; ಆನೆ ಅರಮನೆಯ ಬಲರಾಮ ದ್ವಾರ ದಾಟುವ ಕ್ಷಣಕ್ಕೇ ಸರಿಯಾಗಿ ಕಟ್ ಮಾಡಬಹುದು. ಡಿವಿಡಿಯಲ್ಲಿ ಬಹುಪಾಲು ಫ್ರೇಮು ಅಕ್ಕಪಕ್ಕದವನ್ನು ನೆಚ್ಚಿಕೊಂಡಿರುತ್ತವೆ, ಎಡಿಟ್ ಮಾಡಿ ಮತ್ತೆ ಸೇವ್ ಮಾಡಿದಾಗಲೆಲ್ಲ ಚಿತ್ರ ಕೆಡುತ್ತೆ. ವಿಎಚ್‌ಎಸ್ ಟೇಪಿಗೆ ಈ ದಾರಿ ಇಲ್ಲ, ಅದು ಅನಲಾಗ್, ಹಾಗೇ ಇಳಿಸಿಕೊಳ್ಳಲು ಅದರಲ್ಲಿ ಡಿಜಿಟಲ್ ವಿಡಿಯೋ ಇರಲ್ಲ. ಟೇಪಿನ ಅಂಚಲ್ಲಿ ಬಿಳಿ ಬೂಷ್ಟು ಕಂಡರಂತೂ ದಯವಿಟ್ಟು ಕ್ಯಾಮೆರಾಗೆ ಹಾಕಬೇಡಿ, ಟೇಪು ಓದುವ ಹೆಡ್ಡಿಗೆ ಮೆತ್ತಿಕೊಂಡು ಮಿಕ್ಕ ಕ್ಯಾಸೆಟ್ಟಿಗೂ ಹರಡುತ್ತೆ. ಮೊದಲು ಕ್ಲೀನ್ ಮಾಡಿಸಿ. ಫೈಲಿನ ನಕಲಿಟ್ಟ ಹಾರ್ಡ್ ಡಿಸ್ಕ್ ಎರಡಿರಲಿ, ಒಂದು ನೆಂಟರ ಮನೆಯಲ್ಲಿ.